ಪದಕ ಗೆದ್ದವರ ಎರಡನೆಯ ಉದ್ಯೋಗ

ಮಕ್ಕಳು ಕ್ರೀಡಾಕೂಟದಲ್ಲಿ ಬಹುಮಾನ ಗೆದ್ದು ಮನೆಗೆ ಬಂದಾಗ ಹೆತ್ತವರ ಹೆಮ್ಮೆಯ ಹಿಂದೆಯೇ ಒಂದು ಅಳುಕೂ ಇರುತ್ತದೆ. ಮೈಯ ಕಸುವು ಇಳಿದ ಮೇಲೆ ಇವರ ಜೀವನೋಪಾಯವೇನು? ಈ ಪ್ರಶ್ನೆಯನ್ನು ವಿಶ್ವವಿಜೇತರೂ ಎದುರಿಸಿದ್ದಾರೆ. ಅಮೆರಿಕದ ಟಮಾರಾ ಮೆಕಿನ್ನಿ ಅವರಲ್ಲೊಬ್ಬರು.

ಟಮಾರಾ 1962ರಲ್ಲಿ ಕೆಂಟಕಿ ರಾಜ್ಯದ ಲೆಕ್ಸಿಂಗ್ಟನ್‌ನಲ್ಲಿ ಜನಿಸಿದರು. ತಾಯಿ ಹಿಮಜಾರಾಟದ ಶಿಕ್ಷಕಿಯಾಗಿದ್ದುದರಿಂದ ಮಗಳ ಬಾಲ್ಯದ ಚಳಿಗಾಲಗಳು ಸಿಯೆರಾ ನೆವಾಡ ಪರ್ವತಗಳಲ್ಲಿ, ತಾಹೋ ಸರೋವರದ ಆಸುಪಾಸಿನಲ್ಲಿ ಕಳೆದವು. ಅಲ್ಲಿ ಕಲಿತ ಆಟದಲ್ಲಿಯೇ ಅವರು 1983ರಲ್ಲಿ ವಿಶ್ವಕಪ್ ಸಮಗ್ರ ಪ್ರಶಸ್ತಿಯನ್ನು ಗೆದ್ದು, ಆ ಗೌರವ ಪಡೆದ ಮೊದಲ ಅಮೆರಿಕನ್ ಮಹಿಳೆಯಾದರು. ಅವರ ದೇಶದ ಇನ್ನೊಬ್ಬ ಮಹಿಳೆ ಅದನ್ನು ಗೆದ್ದುದು 2008ರಲ್ಲಿ. 1984ರ ಸರಾಯೆವೊ ಒಲಿಂಪಿಕ್ಸ್‌ನಲ್ಲಿ ಟಮಾರಾ ನಾಲ್ಕನೆಯವರಾಗಿ ಪದಕದಿಂದ ವಂಚಿತರಾದರು. 1989ರಲ್ಲಿ ವಿಶ್ವ ಚಾಂಪಿಯನ್‌ಷಿಪ್‌ನ ಚಿನ್ನ ಒಲಿಯಿತು. ಅದೇ ವರ್ಷದ ಕೊನೆಯಲ್ಲಿ ಕಾಲು ಮುರಿಯಿತು. ಮೂವತ್ತು ತುಂಬುವ ಮೊದಲೇ ಸ್ಪರ್ಧೆಯ ಬದುಕು ಮುಗಿಯಿತು.

ಬಳಿಕ ಅವರು ತಾವು ಬೆಳೆದ ತಾಹೋ ಪ್ರದೇಶದಲ್ಲಿಯೇ ಮನೆ, ನಿವೇಶನಗಳ ಮಾರಾಟದ ಮಧ್ಯವರ್ತಿಯಾದರು. ಹಿಮ ಬೀಳುವ ನಾಡಿನಲ್ಲಿ ಜಾಗ ಕೊಳ್ಳುವವರಿಗೆ ಇಳಿಜಾರು, ದಾರಿ, ಬಿಸಿಲುಗಳನ್ನು ಬಲ್ಲವರ ಮಾತು ಬೆಲೆಯುಳ್ಳದ್ದು. ಆದರೆ ಆ ಸರೋವರವನ್ನು ಹಂಚಿಕೊಂಡಿರುವ ಕ್ಯಾಲಿಫೋರ್ನಿಯ, ನೆವಾಡ ರಾಜ್ಯಗಳೆರಡರಲ್ಲಿಯೂ ಈ ಉದ್ಯೋಗಕ್ಕೆ ನಿಗದಿತ ಪಾಠ, ಪರೀಕ್ಷೆ ಹಾಗೂ ಪರವಾನಗಿ ಅಗತ್ಯ. ಚಿನ್ನದ ಪದಕಕ್ಕೆ ಇದರಲ್ಲಿ ವಿನಾಯಿತಿಯಿಲ್ಲ.

ನಮ್ಮಲ್ಲಿ ಸ್ಥಿತಿ ಬೇರೆ. 2016ರ ರಿಯಲ್ ಎಸ್ಟೇಟ್ ಕಾಯ್ದೆಯಂತೆ ನೋಂದಾಯಿತ ಯೋಜನೆಗಳ ಫ್ಲ್ಯಾಟು, ನಿವೇಶನಗಳನ್ನು ಮಾರಿಸುವ ಏಜೆಂಟರು ತಾವೂ ನೋಂದಣಿ ಮಾಡಿಸಿಕೊಳ್ಳಬೇಕು. ಆದರೆ ಊರಿನ ಹತ್ತು ಸೆಂಟ್ಸ್ ಜಾಗವೋ ಅಡಿಕೆ ತೋಟವೋ ಕೈಬದಲಾಗುವಾಗ ನಡುವೆ ನಿಲ್ಲುವ ದಲ್ಲಾಳಿಗೆ ಸಾಮಾನ್ಯವಾಗಿ ಈ ಕಾಯ್ದೆ ಅನ್ವಯಿಸದು. ಅಲ್ಲಿ ಪರಿಚಯವೇ ಪ್ರಮಾಣಪತ್ರ. ಕಬಡ್ಡಿಯಲ್ಲೋ ವಾಲಿಬಾಲಿನಲ್ಲೋ ಹೆಸರು ಮಾಡಿದವರು ಈ ಉದ್ಯೋಗಕ್ಕೆ ಇಳಿದರೆ ಜನ ಬೇಗನೆ ನಂಬುತ್ತಾರೆ. ಆ ನಂಬಿಕೆ ದೊಡ್ಡ ಬಂಡವಾಳ ಹೌದು. ದಾಖಲೆಗಳ ಪರಿಶೀಲನೆಗೆ ಅದು ಬದಲಿಯಾಗಲಾರದು.

ಮುಂಗಡ ಕೊಡುವ ಮೊದಲು ಮೂಲ ಆಧಾರ, ಋಣಭಾರ ಪತ್ರ, ತೀರ್ವೆ ರಶೀದಿಗಳನ್ನು ನೋಡಲೇಬೇಕು. ಕಣ್ಣಿಗೆ ಒಣ ಹಿತ್ತಿಲಿನಂತೆ ಕಾಣುವ ಜಾಗ ಸರಕಾರಿ ದಾಖಲೆಯಲ್ಲಿ ಗದ್ದೆಯಾಗಿ ಉಳಿದಿರಬಹುದು. ಹಾಗಿದ್ದರೆ ಭತ್ತದ ಗದ್ದೆ ಮತ್ತು ತೇವಭೂಮಿ ಸಂರಕ್ಷಣೆಗಾಗಿ ಕೇರಳ ಸರಕಾರ 2008ರಲ್ಲಿ ತಂದ ಕಾಯ್ದೆ ಮನೆ ಕಟ್ಟಲು ಅಡ್ಡಬರುತ್ತದೆ. ದಸ್ತಾವೇಜು ಮಲಯಾಳದಲ್ಲಿದ್ದು ನಮಗೆ ಕನ್ನಡ ಮಾತ್ರ ಓದಲು ಬರುವುದಾದರೆ, ಸಾಲು ಸಾಲಾಗಿ ಓದಿಸಿ ಅರ್ಥ ತಿಳಿದುಕೊಂಡ ಮೇಲಷ್ಟೇ ಸಹಿ ಹಾಕಬೇಕು. ಒಮ್ಮೆ ಹಾಕಿದ ಸಹಿಯನ್ನು, ಭಾಷೆ ತಿಳಿದಿರಲಿಲ್ಲವೆಂದು ಹೇಳಿ ಹಿಂಪಡೆಯುವುದು ಸುಲಭವಲ್ಲ.

ಹೀಗೆ ಓದಿ ತಿಳಿಸಬಲ್ಲ, ಗದ್ದೆಯನ್ನು ಗದ್ದೆಯೆಂದೇ ಹೇಳಬಲ್ಲ ಮಧ್ಯವರ್ತಿಗಳ ಅಗತ್ಯ ನಮ್ಮ ಗಡಿನಾಡಿಗೆ ಬಹಳವಿದೆ. ಊರಿನ ನೆಲವನ್ನು ಬಲ್ಲ, ಕನ್ನಡ ಶಾಲೆಯಲ್ಲಿ ಓದಿದ ಕ್ರೀಡಾಪಟು ಮಲಯಾಳದ ಓದನ್ನೂ ಭೂದಾಖಲೆಗಳ ತಿಳಿವಳಿಕೆಯನ್ನೂ ಗಳಿಸಿಕೊಂಡರೆ ಆ ಸ್ಥಾನಕ್ಕೆ ಅರ್ಹನಾಗುತ್ತಾನೆ. ಮಗುವನ್ನು ಮೈದಾನದಿಂದ ಮನೆಗೆ ಕರೆಯಬೇಡಿ. ಸಂಜೆ ಆಟ ಮುಗಿಸಿ ಬಂದ ಮೇಲೆ ಪುಸ್ತಕವನ್ನೂ ಕೈಗೆ ಕೊಡಿ.