ಸ್ಮಾರಕದ ಮುಂದೆ ರೀಲ್ ಮಾಡುವ ಮುನ್ನ

ದೆಹಲಿಯ ಇಂಡಿಯಾ ಗೇಟ್ ಪಕ್ಕದಲ್ಲಿ ರಾಷ್ಟ್ರೀಯ ಯುದ್ಧ ಸ್ಮಾರಕವಿದೆ. ಉದ್ಘಾಟನೆಯಾದದ್ದು 2019ರ ಫೆಬ್ರುವರಿ 25ರಂದು. ಇಲ್ಲಿನ ತ್ಯಾಗ ಚಕ್ರದ ಗ್ರಾನೈಟ್ ಗೋಡೆಗಳ ಮೇಲೆ, ಸ್ವಾತಂತ್ರ್ಯಾನಂತರ ದೇಶಕ್ಕಾಗಿ ಮಡಿದ 25 ಸಾವಿರಕ್ಕೂ ಹೆಚ್ಚು ಯೋಧರ ಹೆಸರುಗಳಿವೆ.

ಒಂದೊಂದು ಹೆಸರೂ ಒಂದೊಂದು ಮನೆಯ ನೋವು.

ಸಂಜೆ ಹೊತ್ತು ಹುತಾತ್ಮರ ಮನೆಯವರೇ ಬಂದು ಇಲ್ಲಿ ಪುಷ್ಪನಮನ ಸಲ್ಲಿಸುತ್ತಾರೆ. ಮಗನ ಹೆಸರನ್ನು ಹುಡುಕುತ್ತಾ ನಿಂತ ತಾಯಿಯ ಪಕ್ಕದಲ್ಲೇ ಯಾರೋ ಫೋನಿನ ಹಾಡಿಗೆ ಕುಣಿದರೆ ಆಕೆಗೆ ಹೇಗಾಗಬೇಡ?

ಸ್ಮಾರಕ ಯಾವುದೇ ಇರಲಿ, ಕಟ್ಟೆ ಹತ್ತುವುದು, ಪ್ರತಿಮೆಗೆ ಒರಗುವುದು, ಕಲ್ಲಿನ ಮೇಲೆ ಹೆಸರು ಗೀಚುವುದು ಸಲ್ಲದು. 2019ರಲ್ಲಿ ಹಂಪಿಯಲ್ಲಿ ಕಂಬ ಉರುಳಿಸಿದ ನಾಲ್ವರು ಯುವಕರಿಗೆ ನ್ಯಾಯಾಲಯ ತಲಾ 70 ಸಾವಿರ ರೂಪಾಯಿ ದಂಡ ವಿಧಿಸಿತು. ಬಿದ್ದ ಕಂಬವನ್ನು ಅವರ ಕೈಯಿಂದಲೇ ಎತ್ತಿ ನಿಲ್ಲಿಸಲಾಯಿತು. ಕೇಂದ್ರ ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು.

ಫೋಟೊ ಬೇಕಿದ್ದರೆ ಮೊದಲು ಅಲ್ಲಿನ ಸಿಬ್ಬಂದಿಯನ್ನು ಕೇಳಿ. ಫೋನ್ ಸೈಲೆಂಟ್ ಮಾಡಿ, ದನಿ ತಗ್ಗಿಸಿ. ಮಕ್ಕಳು ಜೊತೆಗಿದ್ದರೆ, ಗೋಡೆಯ ಮೇಲಿನ ಒಂದು ಹೆಸರನ್ನಾದರೂ ಅವರಿಂದ ಓದಿಸಿ.