ಮೋರ್ಯರ ಮನೆಯಿಂದ ಗಚ್ಚಿಬೌಲಿಗೆ

ಹೈದರಾಬಾದಿನ ಗಚ್ಚಿಬೌಲಿ ಎಂದರೆ ಇಂದು ಗಾಜಿನ ಕಟ್ಟಡಗಳು, ಸಾಫ್ಟ್‌ವೇರ್ ಕಂಪನಿಗಳು. ಅಲ್ಲೇ ಇರುವ ಹೈದರಾಬಾದ್ ವಿಶ್ವವಿದ್ಯಾಲಯದ ಆವರಣದಲ್ಲಿ ಬೃಹತ್ ಶಿಲಾಯುಗದ, ಅಂದರೆ ದೊಡ್ಡ ಕಲ್ಲುಗಳಿಂದ ಕಟ್ಟಿದ, ಗೋರಿಗಳಿವೆ. ಪ್ರಾಧ್ಯಾಪಕ ಕೆ.ಪಿ. ರಾವ್ ಅವರ ತಂಡ ಅಲ್ಲಿ ಅಗೆದಾಗ ಕಬ್ಬಿಣದ ಸಣ್ಣ ಚಾಕುಗಳು, ಅಲಗುಗಳು, ಮನುಷ್ಯರ ಮೂಳೆಯಿದ್ದ ಮಡಕೆಗಳು ಸಿಕ್ಕವು. ಅವು ಸರಾಸರಿ ಕ್ರಿ.ಪೂ. 2200ರವು ಎಂಬ ಸುದ್ದಿ 2015ರಲ್ಲಿ ಹೊರಬಿದ್ದಾಗ ಹಲವರಿಗೆ ನಂಬುವುದೇ ಕಷ್ಟವಾಯಿತು. ದಕ್ಷಿಣದ ಕಬ್ಬಿಣಕ್ಕೆ ಅಷ್ಟು ವಯಸ್ಸನ್ನು ಯಾರೂ ಕೊಟ್ಟಿರಲಿಲ್ಲ.

ಇಂಥ ಗೋರಿಗಳ ಹುಡುಕಾಟದ ಒಂದು ಮುಖ್ಯ ಹೆಜ್ಜೆ ಬಿದ್ದದ್ದು ಮಾತ್ರ ನಿಜಾಮರ ಸೀಮೆಯ ಕನ್ನಡ ನೆಲದಲ್ಲಿ. ನಿಜಾಮರ ಸೇನೆಯಲ್ಲಿದ್ದ ಫಿಲಿಪ್ ಮೆಡೋಸ್ ಟೇಲರ್ 1840ರ ದಶಕದಲ್ಲಿ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಳ್ಳುತ್ತಿದ್ದರು. ದೊರೆ ವೆಂಕಟಪ್ಪ ನಾಯಕ ಆಗಿನ್ನೂ ಬಾಲಕ. ರಾಜನಕೋಳೂರಿನ ಬಯಲಿನಲ್ಲಿ ಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿದ ಪುಟ್ಟ ಕಲ್ಮನೆಗಳಿದ್ದವು. ಕೆಲವಕ್ಕೆ ಗೋಡೆಯಲ್ಲಿ ದುಂಡಗಿನ ಕಂಡಿ. ಸುತ್ತಲಿನವರು ಅವನ್ನು ಕುಳ್ಳರಾದ ಮೋರ್ಯರ ಮನೆಗಳೆಂದು ಕರೆಯುತ್ತಿದ್ದರು. ಇಂಥವೇ ಕಲ್ಲುಗಳನ್ನು ಯುರೋಪಿನಲ್ಲಿ ಕಂಡಿದ್ದವರ ವರ್ಣನೆಗಳು ಟೇಲರ್‌ಗೆ ಗೊತ್ತಿದ್ದವು. ಅವರು ಅಗೆಸಲು ನಿಂತರು.

ಜೇವರ್ಗಿಯಲ್ಲಿ ಕಲ್ಲುಗುಡ್ಡೆಯೊಂದನ್ನು ಬಿಡಿಸಿದಾಗ ಕೆಳಗಿನ ಕಲ್ಲುಪೆಟ್ಟಿಗೆಯಲ್ಲಿ ಅಸ್ಥಿಪಂಜರಗಳು ಕಂಡವು. ಕೆಲವು ತಲೆಬುರುಡೆಗಳು ಮುಂಡದಿಂದ ಬೇರೆಯಾಗಿದ್ದವು. ಇದು ನರಬಲಿಯೇ ಸರಿ, ಹೂಳಿದವರು ಯುರೋಪಿನ ಪ್ರಾಚೀನ ಪುರೋಹಿತರಾದ ಡ್ರೂಯಿಡರ ಸಂಬಂಧಿಕರು, ಸಿಥಿಯನ್ನರೆಂಬ ಅಲೆಮಾರಿಗಳು ಎಂದು ಟೇಲರ್ ತೀರ್ಮಾನಿಸಿದರು. 1853ರ ಸುಮಾರಿಗೆ ಮುಂಬಯಿಯ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಅವರ ಬರಹ ಬಂತು.

ಆ ತೀರ್ಮಾನ ಉಳಿಯಲಿಲ್ಲ. ಉಳಿದದ್ದು ಅವರ ಚಿತ್ರ. ಗೋರಿಯನ್ನು ಮೇಲಿನಿಂದ ಕೆಳಕ್ಕೆ ಸೀಳಿದಂತೆ ಬರೆದು, ಮಣ್ಣಿನ ಪದರ ಯಾವುದು, ಮೂಳೆ ಎಲ್ಲಿ, ಮಡಕೆ ಎಲ್ಲಿ ಎಂದು ಅವರು ಗುರುತಿಸಿದ್ದರು. ನಿಧಿಯಾಸೆಗೆ ಗೋರಿ ತೋಡುವವರೇ ಹೆಚ್ಚಿದ್ದ ಕಾಲದಲ್ಲಿ ಇದು ಅಪರೂಪದ ಶಿಸ್ತು. ಒಂದು ಶತಮಾನದ ನಂತರ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಇದನ್ನು ಮನಸಾರೆ ಮೆಚ್ಚಿ ಬರೆದರು.

ಅದೇ ವೀಲರ್ 1947ರಲ್ಲಿ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಗೆದರು. ಕಲ್ಲುಪೆಟ್ಟಿಗೆಗಳಲ್ಲಿ ಬಿಡಿಬಿಡಿಯಾಗಿ ಆಯ್ದು ತಂದಿಟ್ಟ ಮೂಳೆಗಳು, ಕಪ್ಪು-ಕೆಂಪು ಮಡಕೆಗಳು, ಕಬ್ಬಿಣದ ಆಯುಧಗಳಿದ್ದವು. ಬೇರೆ ಕೆಲವು ಕಲ್ಲಿನ ವೃತ್ತಗಳಲ್ಲಿ ಬರೀ ಗುಂಡಿ. ಹೆಣವನ್ನು ಮೊದಲು ತೆರೆದಿಟ್ಟು, ಮಾಂಸ ಕರಗಿದ ಮೇಲೆ ಎಲುಬು ಆರಿಸಿ ಗೋರಿಗೆ ಸೇರಿಸುತ್ತಿದ್ದರೆಂದು ವೀಲರ್ ಊಹಿಸಿದರು. ಹಾಗೆ ನೋಡಿದರೆ ಜೇವರ್ಗಿಯ ಬೇರ್ಪಟ್ಟ ಬುರುಡೆಗಳಿಗೆ ನರಬಲಿಯ ಕಾರಣವೇ ಬೇಕಿಲ್ಲ. ಸಾವು ಒಂದೇ ದಿನಕ್ಕೆ ಮುಗಿಯದ, ಹಂತಹಂತದ ಕಾರ್ಯವಾಗಿದ್ದಿರಬಹುದು.

ಆದರೆ ಕಾಲದ ಲೆಕ್ಕದಲ್ಲಿ ವೀಲರ್ ಎಡವಿದರು. ಮೇಲಿನ ಪದರದಲ್ಲಿ ಸಿಕ್ಕ ರೋಮನ್ ಕಾಲದ ಮಡಕೆಗಳ ಆಧಾರದಿಂದ ಈ ಗೋರಿಗಳ ಸಂಸ್ಕೃತಿ ಕ್ರಿ.ಪೂ. 200ರ ಸುಮಾರಿಗೆ ಶುರುವಾಯಿತೆಂದರು. 1965ರಲ್ಲಿ ಪುರಾತತ್ವಜ್ಞ ಎಂ.ಎಸ್. ನಾಗರಾಜರಾವ್ ತುಂಗಭದ್ರೆಯ ದಡದ ಹಳ್ಳೂರಿನಲ್ಲಿ ಅಗೆದಾಗ ಸಿಕ್ಕ ಇದ್ದಿಲಿನ ಪರೀಕ್ಷೆ ಕಬ್ಬಿಣವನ್ನು ಕ್ರಿ.ಪೂ. 1000ದ ಆಸುಪಾಸಿಗೆ ಒಯ್ದಿತು.

ಗಚ್ಚಿಬೌಲಿಯಲ್ಲಿ ಪರೀಕ್ಷೆಗೆ ಇದ್ದಿಲೇ ಇರಲಿಲ್ಲ. ಮಡಕೆಯ ಮಣ್ಣಿನಲ್ಲಿರುವ ಹರಳುಕಣಗಳು ಸುತ್ತಲಿನ ವಿಕಿರಣದ ಶಕ್ತಿಯನ್ನು ವರ್ಷ ವರ್ಷವೂ ಹಿಡಿದಿಟ್ಟುಕೊಳ್ಳುತ್ತವೆ. ಆವಿಗೆಯ ಬೆಂಕಿ ಹಳೆಯ ಲೆಕ್ಕವನ್ನು ಅಳಿಸಿಹಾಕುತ್ತದೆ. ಪ್ರಯೋಗಾಲಯದಲ್ಲಿ ಬೆಳಕು ಬಿಟ್ಟರೆ ಆ ಶಕ್ತಿ ಮಿನುಗಾಗಿ ಹೊರಬರುತ್ತದೆ. ಅದನ್ನಳೆದು ಹೈದರಾಬಾದಿನದೇ ಆದ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ವಯಸ್ಸು ಹೇಳಿದರು. ಇಲ್ಲೊಂದು ಎಚ್ಚರಿಕೆಯೂ ಬೇಕು. ಈ ವಿಧಾನ ಕಬ್ಬಿಣದ ವಯಸ್ಸನ್ನು ನೇರವಾಗಿ ಹೇಳದು. ಜೊತೆಗೆ ಹೂಳಿದ್ದರಿಂದ ಎರಡಕ್ಕೂ ಒಂದೇ ಕಾಲ ಎನ್ನುತ್ತೇವೆ.

ವರ್ಷ ಯಾವುದೇ ಇರಲಿ, ಗೋರಿಗಳು ಹೇಳುವ ಸಮಾಜದ ಚಿತ್ರ ಗಟ್ಟಿಯಾಗುತ್ತ ಬಂದಿದೆ. ಇಂಥ ಚಪ್ಪಡಿ ಎಬ್ಬಿಸಿ ನಿಲ್ಲಿಸಲು ಒಂದು ಮನೆಯ ಬಲ ಸಾಲದು; ಊರಿಗೆ ಊರೇ ಕೈಜೋಡಿಸಬೇಕು, ಅವರ ಹೊಟ್ಟೆಗೆ ಕಾಳು ಮಿಕ್ಕಿರಬೇಕು. ಬದುಕಿರುವವರಿಗೆ ಬೇಕಾದ ಕಬ್ಬಿಣವನ್ನು ಸತ್ತವರ ಜೊತೆ ಮಣ್ಣಿಗೆ ಹಾಕಬೇಕಾದರೆ ಆ ಸತ್ತವರಿಗೆ ಮಾನವಿತ್ತು. ಎಲ್ಲರಿಗೂ ಒಂದೇ ಗಾತ್ರದ ಗೋರಿ ಇಲ್ಲದಿರುವುದರಿಂದ ಆ ಮಾನ ಸಮನಾಗಿ ಹಂಚಿಕೆಯಾಗಿರಲಿಲ್ಲ ಎನ್ನಬಹುದು.

ಬುರುಡೆ ಎಲ್ಲಿತ್ತೆಂದು ಟೇಲರ್ ಬರೆದಿಟ್ಟಿದ್ದಕ್ಕೇ ಅವರ ತಪ್ಪನ್ನು ಮುಂದಿನವರು ತಿದ್ದಲು ಸಾಧ್ಯವಾಯಿತು. ಹೈದರಾಬಾದಿನ ಸುತ್ತ ಬಡಾವಣೆಗಾಗಿ ಜೆಸಿಬಿ ಕಿತ್ತೆಸೆಯುವ ಶಿಲಾವೃತ್ತಗಳ ಬಗ್ಗೆ ತಪ್ಪು ಊಹೆ ಮಾಡುವ ಅವಕಾಶವೂ ನಮಗಿರುವುದಿಲ್ಲ.