‘ಅನ್‌ಲಿಮಿಟೆಡ್’ ಎಂಬ ಮಾತನ್ನು ನಂಬುವ ಮುನ್ನ
ಖುತ್ಬಾ ಧ್ವನಿಮುದ್ರಣಗಳ ವೆಬ್‌ಸೈಟಿಗೆ ಹೋಸ್ಟಿಂಗ್ ಆರಿಸುವುದು ಹೇಗೆ?

ಪ್ರತಿ ತಿಂಗಳು ಈ ಪುಟಗಳಲ್ಲಿ ಜುಮಾ ಖುತ್ಬಾದ ಸಾರಾಂಶ ಬರೆಯುತ್ತ ಬಂದಿದ್ದೇವೆ. ಈ ಸಲ ವಿಷಯ ಬೇರೆ. ಚಿಕ್ಕೋಡಿ, ರಾಯಬಾಗ, ಕುಡಚಿ ಕಡೆಯ ಕೆಲವು ಜಮಾಅತ್‌ಗಳ ಹಿರಿಯರು ನಮಗೆ ಕೇಳುತ್ತಿರುವ ಪ್ರಶ್ನೆ ಒಂದೇ: “ನಮ್ಮ ಮಸ್ಜಿದಿನ ಬಯಾನುಗಳನ್ನೂ ಮದ್ರಸಾದ ಪಾಠಗಳನ್ನೂ ವೆಬ್‌ಸೈಟಿನಲ್ಲಿ ಹಾಕಬೇಕು. ಜನ ಇಳಿಸಿಕೊಂಡು ಕೇಳಬೇಕು. ಯಾವ ಹೋಸ್ಟಿಂಗ್ ತೆಗೆದುಕೊಳ್ಳೋಣ?” ನಾವು ಅಂಕಲಿಯಲ್ಲಿ ಒಮ್ಮೆ ತಪ್ಪು ಮಾಡಿ ಕಲಿತವರು. ಆ ತಪ್ಪಿನ ಲೆಕ್ಕ ಇಲ್ಲಿ ಕೊಡುತ್ತಿದ್ದೇವೆ. ಜಮಾಅತ್‌ನ ಹಣ ಅಮಾನತ್. ಒಬ್ಬರು ಕಳೆದುಕೊಂಡ ಮೇಲೆ ಇನ್ನೊಬ್ಬರೂ ಕಳೆದುಕೊಳ್ಳುವುದು ಬೇಡ.

ಕ್ಯಾಸೆಟ್ಟಿನ ಪೆಟ್ಟಿಗೆ

2019ರ ಆಗಸ್ಟಿನಲ್ಲಿ ಕೃಷ್ಣೆಗೆ ಮಹಾಪೂರ ಬಂದದ್ದು ಈ ಭಾಗದ ಯಾರೂ ಮರೆತಿಲ್ಲ. ನಮಗಿಂತ ಮುಂಚೆ ಇಮಾಮರಾಗಿದ್ದ ಮರ್ಹೂಮ್ ಹಜ್ರತರ ಬಯಾನುಗಳ ಕ್ಯಾಸೆಟ್ಟುಗಳು ನದಿ ಹತ್ತಿರದ ಒಂದು ಮನೆಯಲ್ಲಿದ್ದವು. ನೀರು ಇಳಿದ ಮೇಲೆ ಪೆಟ್ಟಿಗೆ ತೆರೆದರೆ ಕೆಸರು. 41 ಕ್ಯಾಸೆಟ್ಟುಗಳಲ್ಲಿ ಉಳಿದದ್ದು 27. ಅವುಗಳನ್ನು ಒಣಗಿಸಿ, ಮಿರಜಿನ ಒಬ್ಬ ಧ್ವನಿ ಕೆಲಸದವರ ಬಳಿ ಕಂಪ್ಯೂಟರಿಗೆ ಇಳಿಸಿದೆವು. ಮತ್ತೆ ಕಳೆಯಬಾರದು, ದೂರದಲ್ಲಿರುವ ಮಕ್ಕಳು ಮೊಮ್ಮಕ್ಕಳೂ ಕೇಳಬೇಕು ಎಂದು ವೆಬ್‌ಸೈಟು ಮಾಡಿಸಿದೆವು.

ಜಾಹೀರಾತಿನಲ್ಲಿ ‘ಅನ್‌ಲಿಮಿಟೆಡ್ ಸ್ಪೇಸ್, ಅನ್‌ಲಿಮಿಟೆಡ್ ಬ್ಯಾಂಡ್‌ವಿಡ್ತ್’ ಎಂದಿತ್ತು. ಮೂರು ವರ್ಷಕ್ಕೆ ಒಮ್ಮೆಲೇ ಕಟ್ಟಿದರೆ ಅಗ್ಗ ಎಂದಿತ್ತು. ಕಟ್ಟಿದೆವು. ಎರಡು ರಮ್ಜಾನ್ ಹಿಂದೆ, ತರಾವೀಹ್ ನಂತರದ ಬಯಾನುಗಳನ್ನು ದಿನವೂ ಹಾಕತೊಡಗಿದೆವು. ಹನ್ನೊಂದನೆಯ ರೋಜಾದ ದಿನ ಸಹ್ರಿ ಹೊತ್ತಿಗೆ ಹುಡುಗನೊಬ್ಬ ಓಡಿ ಬಂದು, “ಮೌಲಾನಾ ಸಾಹೇಬ್ರ, ಸೈಟ್ ಬಂದ್ ಆಗೇತ್ರಿ. ಏನೂ ತೆರೀವಲ್ದು” ಎಂದ. ಕಂಪನಿಯವರ ಪತ್ರ ಬಂದಿತ್ತು: ಮಿತಿ ಮೀರಿ ಬಳಸಿದ್ದೀರಿ, ಖಾತೆ ನಿಲ್ಲಿಸಿದ್ದೇವೆ, 48 ಗಂಟೆಯೊಳಗೆ ಫೈಲುಗಳನ್ನು ತೆಗೆದುಕೊಳ್ಳಿ.

ಅನ್‌ಲಿಮಿಟೆಡ್ ಎಂದಮೇಲೆ ಮಿತಿ ಎಲ್ಲಿಂದ ಬಂತು? ಷರತ್ತುಗಳನ್ನು ತೆರೆದು ಓದಿದೆವು. ಈ ಖಾತೆ ವೆಬ್ ಪುಟಗಳಿಗಾಗಿ. ಧ್ವನಿ, ವಿಡಿಯೊ ಫೈಲುಗಳ ಭಂಡಾರವಾಗಿ ಬಳಸುವಂತಿಲ್ಲ ಎಂದು ಸ್ಪಷ್ಟವಾಗಿ ಬರೆದಿತ್ತು. ಅದರ ಕೆಳಗೆ ‘ಒಪ್ಪಿದ್ದೇನೆ’ ಎಂದು ಒತ್ತಿದವರು ನಾವೇ. ಸಾಲದ ಕಾಗದ ಓದದೆ ಹೆಬ್ಬೆಟ್ಟು ಒತ್ತಬೇಡಿರಿ ಎಂದು ಮಿಂಬರಿನಿಂದ ಹೇಳುವ ನಾವು ಓದದೆ ಒತ್ತಿದ್ದೆವು. ಹೀಗಾಗಿ ದೂರನ್ನು ಇಲ್ಲಿಗೇ ಬಿಟ್ಟು ಪಾಠಕ್ಕೆ ಬರೋಣ.

‘ಅನ್‌ಲಿಮಿಟೆಡ್’ ಎಂದರೆ ದಾವತ್‌ನ ಊಟದ ಹಾಗೆ. ಹೊಟ್ಟೆ ತುಂಬ ಉಣ್ಣಿರಿ ಎನ್ನುತ್ತಾರೆ; ಬಕೆಟ್ಟು ತಂದು ತುಂಬಿಕೊಂಡು ಹೋಗಿರಿ ಎಂದಲ್ಲ. ನಮ್ಮ ಕೈಯಲ್ಲಿ ಬಕೆಟ್ಟಿತ್ತು.

ಟಾಕಿ, ಪೈಪು, ಹರಿದ ನೀರು

ಕಬ್ಬಿಗೆ ನೀರು ಹಾಯಿಸುವವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಹೋಸ್ಟಿಂಗಿನಲ್ಲಿ ಮೂರು ಬೇರೆ ಬೇರೆ ಅಳತೆಗಳಿವೆ.

ಮೊದಲನೆಯದು ಟಾಕಿ, ಅಂದರೆ ಸ್ಟೋರೇಜ್: ಎಷ್ಟು ಫೈಲು ಇಡಬಹುದು. ಎರಡನೆಯದು ಪೈಪಿನ ದಪ್ಪ, ಅಂದರೆ ವೇಗ: ಒಂದು ಸೆಕೆಂಡಿಗೆ ಎಷ್ಟು ಹೊರಗೆ ಹೋಗುತ್ತದೆ. ಮೂರನೆಯದು ತಿಂಗಳಿಗೆ ಹರಿದ ಒಟ್ಟು ನೀರು, ಅಂದರೆ ಡೇಟಾ ಟ್ರಾನ್ಸ್‌ಫರ್. ಇದನ್ನೇ ಬಹಳ ಕಡೆ ಬ್ಯಾಂಡ್‌ವಿಡ್ತ್ ಎಂದು ಬರೆಯುತ್ತಾರೆ. ಸಾಮಾನ್ಯ ವೆಬ್‌ಸೈಟಿಗೆ ಟಾಕಿ ನೋಡಿದರೆ ಸಾಕು. ಫೈಲು ಇಳಿಸುವ ಸೈಟಿಗೆ ಮೂರನೆಯದೇ ಮುಖ್ಯ.

ನಮ್ಮ ಲೆಕ್ಕ ನೋಡಿ. 25 ನಿಮಿಷದ ಬಯಾನು 128 ಕೆಬಿಪಿಎಸ್ ಎಂಪಿ3ಯಲ್ಲಿ 24 ಎಂಬಿ ಆಗುತ್ತದೆ. ರಮ್ಜಾನಿನ 30 ಬಯಾನು ಸೇರಿ 720 ಎಂಬಿ. ಟಾಕಿಗೆ ಇದು ಏನೂ ಅಲ್ಲ. ಆದರೆ ಒಂದೊಂದನ್ನು 400 ಜನ ಇಳಿಸಿಕೊಂಡರೆ ಹರಿಯುವ ನೀರು 288 ಜಿಬಿ. ಹನ್ನೊಂದು ದಿನಕ್ಕೇ ನೂರು ಜಿಬಿ ದಾಟಿತ್ತು.

ಇನ್ನು ಪೈಪು. ವೇಗವನ್ನು ಬಿಟ್‌ನಲ್ಲಿ ಹೇಳುತ್ತಾರೆ, ಫೈಲನ್ನು ಬೈಟ್‌ನಲ್ಲಿ. 8 ಬಿಟ್ ಸೇರಿದರೆ ಒಂದು ಬೈಟ್. ಆದ್ದರಿಂದ ಸೆಕೆಂಡಿಗೆ 10 ಮೆಗಾಬಿಟ್ ಎಂದರೆ 1.25 ಮೆಗಾಬೈಟ್ ಮಾತ್ರ. ಅಂಥ ಪೈಪಿನಲ್ಲಿ ನಮ್ಮ 24 ಎಂಬಿ ಫೈಲು ಒಬ್ಬರಿಗೆ 19 ಸೆಕೆಂಡಿನಲ್ಲಿ ಬರುತ್ತದೆ. ಇಶಾ ಮುಗಿದ ಕೂಡಲೇ 50 ಜನ ಒಟ್ಟಿಗೆ ಒತ್ತಿದರೆ ಎಲ್ಲರಿಗೂ 16 ನಿಮಿಷ.

ಹೋಸ್ಟಿಂಗಿಗೆ ಮೊದಲು ಫೈಲು ಸಣ್ಣದು ಮಾಡಿ

ನಮಗೆ ಅತಿ ಹೆಚ್ಚು ಉಳಿತಾಯ ತಂದದ್ದು ಕಂಪನಿ ಬದಲಿಸಿದ್ದಲ್ಲ, ಫೈಲು ಬದಲಿಸಿದ್ದು. ಬಯಾನು ಒಬ್ಬರ ಮಾತು. ಅದಕ್ಕೆ ಸ್ಟೀರಿಯೊ ಬೇಡ. ಮೊನೊದಲ್ಲಿ 32 ಕೆಬಿಪಿಎಸ್ ಇಟ್ಟರೆ ಅದೇ 25 ನಿಮಿಷ 6 ಎಂಬಿಗೆ ಇಳಿಯುತ್ತದೆ, ಮಾತು ಸ್ಪಷ್ಟವಾಗಿ ಕೇಳುತ್ತದೆ. 288 ಜಿಬಿ 72 ಆಯಿತು. ಇಳಿಸಿಕೊಳ್ಳುವ ಬಡ ಮನೆಯವರ ಮೊಬೈಲ್ ಡೇಟಾ ಕೂಡ ನಾಲ್ಕರಲ್ಲಿ ಒಂದು ಪಾಲು ಸಾಕಾಯಿತು.

ಆದರೆ ಮೂಲವನ್ನು ಅಳಿಸಬೇಡಿ. ನಮ್ಮ 27 ಕ್ಯಾಸೆಟ್ಟುಗಳು ತಲಾ 90 ನಿಮಿಷದವು, ಒಟ್ಟು 2,430 ನಿಮಿಷ. ಒತ್ತಡವಿಲ್ಲದ ವೇವ್ ರೂಪದಲ್ಲಿ ಅವು ಸುಮಾರು 26 ಜಿಬಿ. ಸೈಟಿಗೆ ಮಾಡಿದ ಸಣ್ಣ ರೂಪದಲ್ಲಿ 600 ಎಂಬಿಗೂ ಕಡಿಮೆ. ದೊಡ್ಡದು ಹಾರ್ಡ್ ಡಿಸ್ಕಿನಲ್ಲಿರಲಿ, ಸಣ್ಣದು ಸೈಟಿನಲ್ಲಿರಲಿ. ಪಾಠಗಳ ಪಿಡಿಎಫ್‌ಗೂ ಇದೇ ಮಾತು: ಕಪ್ಪು-ಬಿಳುಪು ಹಾಳೆಯನ್ನು ಬಣ್ಣದಲ್ಲಿ ಸ್ಕ್ಯಾನ್ ಮಾಡಿದರೆ ಫೈಲು ಸುಮ್ಮನೆ ದಪ್ಪಗಾಗುತ್ತದೆ.

ಯಾವ ಬಗೆಯ ಹೋಸ್ಟಿಂಗ್?

ಶೇರ್ಡ್ ಹೋಸ್ಟಿಂಗ್ ಒಂದು ವಠಾರ. ನೂರಾರು ಮನೆ, ಒಂದೇ ನಲ್ಲಿ. ನೀವು ಹೆಚ್ಚು ಎಳೆದರೆ ಪಕ್ಕದವರಿಗೆ ಬರುವುದಿಲ್ಲ, ಮಾಲೀಕ ನಿಮ್ಮನ್ನು ನಿಲ್ಲಿಸುತ್ತಾನೆ. ನಮಾಜಿನ ವೇಳಾಪಟ್ಟಿ, ಸೂಚನೆ, ಲೇಖನಗಳಿಗೆ ಇದು ಸಾಕು. ಭಾರವಾದ ಫೈಲುಗಳಿಗೆ ಅಲ್ಲ.

ವಿಪಿಎಸ್ ಎಂದರೆ ನಿಮ್ಮದೇ ಒಂದು ಭಾಗ. ತಿಂಗಳಿಗೆ ಇಷ್ಟು ಟ್ರಾನ್ಸ್‌ಫರ್ ಎಂದು ಲೆಕ್ಕ ಬರೆದೇ ಕೊಡುತ್ತಾರೆ. 1 ಟಿಬಿ ಸಾಮಾನ್ಯ. ಲೆಕ್ಕ ಪ್ರಾಮಾಣಿಕವಾದದ್ದು, ಆದರೆ ಮನೆ ಕಾಯುವವರು ನೀವೇ. ಅಪ್‌ಡೇಟ್, ಭದ್ರತೆ ನೋಡಿಕೊಳ್ಳುವ ತಿಳಿದ ಹುಡುಗ ಜಮಾಅತ್‌ನಲ್ಲಿ ಇಲ್ಲದಿದ್ದರೆ ಇದಕ್ಕೆ ಕೈ ಹಾಕಬೇಡಿ. ಇದ್ದರೂ ಅವನು ನಾಳೆ ದುಬೈಗೆ ಹೋದರೆ ಯಾರು ಎಂದು ಮೊದಲೇ ಯೋಚಿಸಿ.

ಆಬ್ಜೆಕ್ಟ್ ಸ್ಟೋರೇಜ್ ಫೈಲುಗಳಿಗೆಂದೇ ಕಟ್ಟಿದ ಗೋದಾಮು. ಅಮೆಜಾನ್ 2006ರಲ್ಲಿ ಎಸ್3 ಎಂಬ ಹೆಸರಿನಲ್ಲಿ ಇದನ್ನು ಆರಂಭಿಸಿತು. ಈಗ ಅನೇಕರು ಕೊಡುತ್ತಾರೆ. ಇಲ್ಲಿ ದರಪಟ್ಟಿಯನ್ನು ಕಣ್ಣಿಟ್ಟು ಓದಬೇಕು. ಇಡುವ ಬಾಡಿಗೆ ಎಲ್ಲರಲ್ಲೂ ಕಡಿಮೆ. ಹೊರಗೆ ಹೋಗುವ ನೀರಿನ ದರದಲ್ಲೇ ವ್ಯತ್ಯಾಸ. ನಾವು ನೋಡಿದಾಗ ಅಮೆಜಾನಿನ ಮುಂಬೈ ಕೇಂದ್ರದಲ್ಲಿ ತಿಂಗಳ ಮೊದಲ 100 ಜಿಬಿ ಉಚಿತ, ನಂತರ ಜಿಬಿಗೆ ಸುಮಾರು 11 ಸೆಂಟ್ ಇತ್ತು. ಬ್ಯಾಕ್‌ಬ್ಲೇಜ್‌ನಲ್ಲಿ ಇಟ್ಟದ್ದರ ಮೂರು ಪಟ್ಟು ಉಚಿತ, ಮೇಲಿನದಕ್ಕೆ ಜಿಬಿಗೆ 1 ಸೆಂಟ್. ಕ್ಲೌಡ್‌ಫ್ಲೇರ್‌ನ ಆರ್2ನಲ್ಲಿ 10 ಜಿಬಿವರೆಗೆ ಇಡಲು ಉಚಿತ, ಹೊರಹೋಗುವ ಡೇಟಾಕ್ಕೆ ದರವೇ ಇಲ್ಲ. ಇಟ್ಟದ್ದು ಕಡಿಮೆ, ಇಳಿಸುವವರು ಹೆಚ್ಚು ಎಂಬ ನಮ್ಮಂಥವರಿಗೆ ಈ ಕೊನೆಯ ಬಗೆ ಹೊಂದುತ್ತದೆ. ದರಗಳು ಬದಲಾಗುತ್ತವೆ, ಹಣ ಕಟ್ಟುವ ದಿನ ನೀವೇ ನೋಡಿಕೊಳ್ಳಿ.

ಸಿಡಿಎನ್ ಎಂಬ ಹೆಸರೂ ಕೇಳಿರುತ್ತೀರಿ. ಪತ್ರಿಕೆಯನ್ನು ಬೆಂಗಳೂರಿನಿಂದ ಹೊತ್ತು ತರುವ ಬದಲು ಹುಬ್ಬಳ್ಳಿಯಲ್ಲೇ ಮುದ್ರಿಸಿದ ಹಾಗೆ, ಫೈಲಿನ ನಕಲನ್ನು ಕೇಳುಗನ ಹತ್ತಿರದ ಊರಿನಲ್ಲಿ ಇಡುವ ಏರ್ಪಾಡು ಇದು. ದಮ್ಮಾಮಿನಲ್ಲಿ ಕುಳಿತವನಿಗೂ ಬೇಗ ಸಿಗುತ್ತದೆ. ಆದರೆ ಉಚಿತ ಸಿಡಿಎನ್ ಯೋಜನೆಗಳಲ್ಲೂ ವಿಡಿಯೊ, ದೊಡ್ಡ ಫೈಲುಗಳಿಗೆ ನಿರ್ಬಂಧ ಇರುವುದುಂಟು. ಮತ್ತೆ ಅದೇ ಮಾತು: ಷರತ್ತು ಓದಿ.

ಪೂರ್ತಿ ಉಚಿತವಾದ ದಾರಿ ಇಂಟರ್‌ನೆಟ್ ಆರ್ಕೈವ್. ಬ್ರೂಸ್ಟರ್ ಕೇಲ್ 1996ರಲ್ಲಿ ಅಮೆರಿಕದಲ್ಲಿ ಆರಂಭಿಸಿದ, ಲಾಭಕ್ಕಲ್ಲದ ಗ್ರಂಥಾಲಯ ಇದು. ನಮ್ಮ ರಾಜ್ಯದ ಸ್ವಯಂಸೇವಕರು ಸ್ಕ್ಯಾನ್ ಮಾಡಿದ ಸಾವಿರಾರು ಕನ್ನಡ ಪುಸ್ತಕಗಳು ‘ಸರ್ವೆಂಟ್ಸ್ ಆಫ್ ನಾಲೆಜ್’ ಎಂಬ ಸಂಗ್ರಹದಲ್ಲಿ ಅಲ್ಲೇ ಇವೆ. ಆದರೆ ಅದೊಂದನ್ನೇ ನೆಚ್ಚಬಾರದು. 2017ರ ಆಗಸ್ಟಿನಲ್ಲಿ ಸಿನಿಮಾ ನಕಲುಗಳ ಕುರಿತ ನ್ಯಾಯಾಲಯದ ಆದೇಶದಿಂದ ಭಾರತದಲ್ಲಿ ಕೆಲವು ದಿನ ಅದು ತೆರೆಯಲಿಲ್ಲ. 2024ರ ಅಕ್ಟೋಬರಿನಲ್ಲಿ ಸೈಬರ್ ದಾಳಿಯಿಂದ ಹಲವು ದಿನ ನಿಂತಿತ್ತು.

ಒಂದೇ ನದಿಯ ದಂಡೆ

2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿ ಓವಿಎಚ್ ಎಂಬ ದೊಡ್ಡ ಕಂಪನಿಯ ಡೇಟಾ ಕೇಂದ್ರಕ್ಕೆ ಬೆಂಕಿ ಬಿತ್ತು. ಒಂದು ಕಟ್ಟಡ ಪೂರ್ತಿ ಸುಟ್ಟಿತು. ಬ್ಯಾಕಪ್ಪನ್ನೂ ಅದೇ ಆವರಣದಲ್ಲಿ ಇಟ್ಟಿದ್ದ ಕೆಲವರಿಗೆ ಎರಡೂ ಹೋದವು. ನಮ್ಮ ಕ್ಯಾಸೆಟ್ಟಿನ ಪೆಟ್ಟಿಗೆಯ ಕಥೆಯೂ ಅದೇ ಅಲ್ಲವೇ? ಎಲ್ಲವನ್ನೂ ಒಂದೇ ಮನೆಯಲ್ಲಿ, ಒಂದೇ ನದಿಯ ದಂಡೆಯಲ್ಲಿ ಇಟ್ಟಿದ್ದೆವು.

ಹೋಸ್ಟಿಂಗ್ ಎಂದರೆ ಹಂಚುವ ಜಾಗ. ಕಾಪಾಡುವ ಜಾಗ ಬೇರೆಯೇ ಬೇಕು. ಮೂರು ಪ್ರತಿ ಇರಲಿ: ಒಂದು ಸೈಟಿನಲ್ಲಿ, ಒಂದು ಮಸ್ಜಿದಿನ ಹಾರ್ಡ್ ಡಿಸ್ಕಿನಲ್ಲಿ, ಒಂದು ಬೇರೆ ಊರಿನ ನಂಬಿಕೆಯ ಮನೆಯಲ್ಲಿ. ನಮ್ಮ ಮೂರನೆಯ ಪ್ರತಿ ಈಗ ಬೆಳಗಾವಿಯಲ್ಲಿದೆ. ಆ 48 ಗಂಟೆಯಲ್ಲಿ ನಮ್ಮನ್ನು ಉಳಿಸಿದ್ದು ಕೂಡ ಮದ್ರಸಾದ ಕಪಾಟಿನಲ್ಲಿದ್ದ ಹಾರ್ಡ್ ಡಿಸ್ಕು. ಸೈಟಿನಿಂದ ಇಳಿಸಿಕೊಳ್ಳಲು ಹೋದರೆ ಖಾತೆಯೇ ತೆರೆಯಲಿಲ್ಲ.

ಹಣ ಕಟ್ಟುವ ಮುನ್ನ ಕೇಳಬೇಕಾದ್ದು

1. ತಿಂಗಳಿಗೆ ಟ್ರಾನ್ಸ್‌ಫರ್ ಎಷ್ಟು ಜಿಬಿ? ಅಂಕಿ ಬರೆದು ಕೊಡಲಿ. ಮೀರಿದರೆ ಸೈಟು ನಿಲ್ಲಿಸುತ್ತಾರೋ, ಹೆಚ್ಚಿನ ಹಣ ಕೇಳುತ್ತಾರೋ? ಹೆಚ್ಚಿನ ಹಣವಾದರೆ ಖರ್ಚಿಗೆ ಮಿತಿ ಅಥವಾ ಎಚ್ಚರಿಕೆ ಇಡಬಹುದೇ?

2. ಧ್ವನಿ, ಪಿಡಿಎಫ್ ಇಳಿಸಲು ಕೊಡುವುದಕ್ಕೆ ಷರತ್ತಿನಲ್ಲಿ ಒಪ್ಪಿಗೆ ಇದೆಯೇ? ನಿಮ್ಮ ಲೆಕ್ಕವನ್ನು ಬರೆದು ಕಳಿಸಿ, ಉತ್ತರವನ್ನೂ ಬರಹದಲ್ಲೇ ಪಡೆಯಿರಿ.

3. ಅರ್ಧಕ್ಕೆ ನಿಂತ ಫೈಲು ನಿಂತಲ್ಲಿಂದ ಮುಂದುವರಿಯುತ್ತದೆಯೇ? ನಮ್ಮ ಹಳ್ಳಿಗಳ ನೆಟ್‌ವರ್ಕಿಗೆ ಇದು ಬೇಕೇ ಬೇಕು. ಒಂದು ಮಾದರಿ ಫೈಲು ಹಾಕಿ, ರಾತ್ರಿ ಒಂಬತ್ತರ ಹೊತ್ತಿಗೆ ಊರಿನಿಂದಲೂ ಗಲ್ಫಿನಿಂದಲೂ ಇಳಿಸಿ ನೋಡಿ.

4. ಬೇರೆ ಸೈಟುಗಳು ನಮ್ಮ ಫೈಲಿಗೆ ನೇರ ಕೊಂಡಿ ಹಾಕುವುದನ್ನು ತಡೆಯಬಹುದೇ? ನಮ್ಮ ದಾಖಲೆ ತೆಗೆದು ನೋಡಿದಾಗ ಎಳೆದ ನೀರಿನಲ್ಲಿ ದೊಡ್ಡ ಪಾಲು ಯಾವುದೋ ಬೇರೆ ಸೈಟಿನ ಮೂಲಕ ಹೋಗಿತ್ತು. ಅವರ ಪುಟ, ಅವರ ಜಾಹೀರಾತು. ನೀರಿನ ಬಿಲ್ಲು ಮಾತ್ರ ನಮ್ಮದು.

5. ಎರಡನೆಯ ವರ್ಷದ ದರ ಎಷ್ಟು? ಮೊದಲ ವರ್ಷದ ರಿಯಾಯಿತಿ ಮುಂದೆ ಇರುವುದಿಲ್ಲ. ಮೇಲೆ 18% ಜಿಎಸ್‌ಟಿ ಬೇರೆ. ಒಂದು ರಮ್ಜಾನ್ ದಾಟುವವರೆಗೆ ತಿಂಗಳಿಗೊಮ್ಮೆ ಕಟ್ಟುವುದೇ ಲೇಸು.

6. ಡೊಮೇನ್ ಹೆಸರು ಯಾರ ಹೆಸರಿನಲ್ಲಿದೆ? ಸೈಟು ಮಾಡಿಕೊಟ್ಟ ಹುಡುಗನ ಹೆಸರಿನಲ್ಲಿ ಬೇಡ, ಕಮಿಟಿಯ ಹೆಸರಿನಲ್ಲಿರಲಿ. ಪಾಸ್‌ವರ್ಡ್ ಇಬ್ಬರ ಬಳಿ ಇರಲಿ.

ಇನ್ನೊಂದು ಮಾತು. ನಮ್ಮ ಬಯಾನು ನಮ್ಮದು. ಇತರರ ಪುಸ್ತಕ ನಮ್ಮದಲ್ಲ. ಭಾರತದ ಕಾನೂನಿನಲ್ಲಿ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಉಳಿಯುತ್ತದೆ. ಒಪ್ಪಿಗೆ ಇಲ್ಲದೆ ಯಾರ ಪುಸ್ತಕವನ್ನೂ ಸೈಟಿಗೆ ಏರಿಸಬೇಡಿ. ಪುಣ್ಯದ ಕೆಲಸ ಎಂಬ ಕಾರಣಕ್ಕೆ ಇನ್ನೊಬ್ಬರ ಹಕ್ಕು ನಮಗೆ ಹಲಾಲ್ ಆಗುವುದಿಲ್ಲ.

ಈಗ ನಮ್ಮ ಪುಟಗಳು ಸಣ್ಣ ಶೇರ್ಡ್ ಖಾತೆಯಲ್ಲಿವೆ, ಫೈಲುಗಳು ಆಬ್ಜೆಕ್ಟ್ ಸ್ಟೋರೇಜಿನಲ್ಲಿ, ಒಂದು ಪ್ರತಿ ಆರ್ಕೈವ್‌ನಲ್ಲಿ. ಕಳೆದ ರಮ್ಜಾನ್ ಪೂರ್ತಿ ಒಂದು ದಿನವೂ ನಿಲ್ಲಲಿಲ್ಲ. ಮೊದಲು ಮೂರು ವರ್ಷಕ್ಕೆ ಕಟ್ಟಿದ ಹಣದಲ್ಲಿ ಉಳಿದದ್ದು ವಾಪಸ್ ಬರಲಿಲ್ಲ. ಅದನ್ನು ಜಮಾಅತ್‌ನ ಸಭೆಯಲ್ಲಿ ನಿಂತು ಹೇಳಿ ಲೆಕ್ಕದಲ್ಲಿ ಬರೆಸಿದೆವು.

ಈದಿನ ಮರುದಿನ ಸೌದಿಯಿಂದ ಮರ್ಹೂಮ್ ಹಜ್ರತರ ಮಗ ಫೋನ್ ಮಾಡಿದ್ದರು. ತಂದೆ ತೀರಿಕೊಂಡಾಗ ಅವರಿಗೆ ಬರಲು ರಜೆ ಸಿಕ್ಕಿರಲಿಲ್ಲ. “ಅಬ್ಬಾಜಾನರ ದನಿ ಬಂತ್ರಿ, ನಡುವೆ ಕೆಮ್ಮಿದ್ದೂ ಕೇಳಿಸ್ತು” ಎಂದರು, ಮುಂದೆ ಮಾತಾಡಲಾಗಲಿಲ್ಲ. ನೀರಿಗೆ ಹೋದ 14 ಕ್ಯಾಸೆಟ್ಟುಗಳು ಇನ್ನು ಬರುವುದಿಲ್ಲ. ನಿಮ್ಮ ಊರಿನಲ್ಲಿ ಯಾರದಾದರೂ ಪೆಟ್ಟಿಗೆಯಲ್ಲಿ ಇಂಥ ಕ್ಯಾಸೆಟ್ಟುಗಳಿದ್ದರೆ ಈ ಮಳೆಗಾಲಕ್ಕೆ ಮುಂಚೆಯೇ ಹೊರಗೆ ತೆಗೆಯಿರಿ. ಅಲ್ಲಾಹನು ನಮ್ಮ ಹಿರಿಯರ ಮೇಲೆ ಕರುಣೆ ತೋರಲಿ. ಆಮೀನ್.